ಹರಾಜಿನಲ್ಲಿ ಗೆದ್ದರೂ ಮನೆಗೆ ಬಾರದ ಗೊಂಬೆಗಳು

ಇದು ನಡೆದದ್ದು ನನ್ನ ಚಿಕ್ಕ ಮಗಳು ಮೇಘನಾಳ ಮದುವೆ ಗೊತ್ತಾದ ವರ್ಷ, ಆಷಾಢ ಮಾಸದಲ್ಲಿ. ಶ್ರಾವಣಕ್ಕೆ ಮದುವೆ. ವಿಜಯನಗರದ ನಮ್ಮ ಮನೆಯಲ್ಲಿ ಸೀರೆ, ಪಾತ್ರೆ, ಲಗ್ನಪತ್ರಿಕೆ ಎಂದು ದಿನಕ್ಕೊಂದು ಓಡಾಟ. ಎಲ್ಲವೂ ಹೇಗೋ ಆಗುತ್ತಿತ್ತು. ಒಂದು ವಿಷಯ ಮಾತ್ರ ನನ್ನ ನಿದ್ದೆ ಕೆಡಿಸಿತ್ತು, ಪಟ್ಟದ ಗೊಂಬೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆಯಲ್ಲಿ ತವರಿನವರು ಮಗಳಿಗೆ ಮರದ ರಾಜ, ರಾಣಿ ಗೊಂಬೆಗಳನ್ನು ಕೊಟ್ಟು ಕಳಿಸುತ್ತಾರೆ. ಪ್ರತಿ ದಸರಾದಲ್ಲೂ ಅವಳು ತನ್ನ ಮನೆಯಲ್ಲಿ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲು ಈ ಜೋಡಿಗೇ ಮೀಸಲು. ನನ್ನ ತಾಯಿ ನನಗೆ ಕೊಟ್ಟಿದ್ದು ಅವರ ತಾಯಿಯ ಕಾಲದ ಜೋಡಿ. ದೊಡ್ಡ ಮಗಳ ಮದುವೆಯಲ್ಲಿ ಅವಳು 'ಅಜ್ಜಿ ಗೊಂಬೆನೇ ಬೇಕಮ್ಮ' ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಹಿಂದೆ ಮುಂದೆ ನೋಡದೆ ಕೊಟ್ಟುಬಿಟ್ಟೆ. ಚಿಕ್ಕವಳೊಬ್ಬಳು ಇದ್ದಾಳೆ ಎಂಬುದು ಆಗ ತಲೆಗೇ ಬರಲಿಲ್ಲ.

"ಅಕ್ಕಂಗೆ ಅಜ್ಜಿ ಗೊಂಬೆ, ನಂಗೆ ಅಂಗಡಿ ಗೊಂಬೆ. ಪರವಾಗಿಲ್ಲ ಬಿಡಮ್ಮ" ಎಂದು ಮೇಘನಾ ನಗುತ್ತಲೇ ಹೇಳಿದ್ದಳು. ಹೆತ್ತವಳಿಗೆ ಆ ನಗುವಿನ ಹಿಂದೆ ಏನಿದೆ ಎಂದು ಗೊತ್ತಾಗದೇ ಇರುತ್ತದೆಯೇ? ಅಂಗಡಿಗಳನ್ನೆಲ್ಲ ಸುತ್ತಿದೆ. ಹೊಸ ಗೊಂಬೆಗಳು ಸಾಲುಸಾಲಾಗಿ ನಿಂತಿದ್ದವು, ಒಂದೊಂದರ ಮುಖವೂ ಸೀರಿಯಲ್ ನಾಯಕಿಯ ಮೇಕಪ್ಪಿನಂತೆ ಹೊಳೆಯುತ್ತಿತ್ತು. ನನಗೆ ಒಂದೂ ಹಿಡಿಸಲಿಲ್ಲ.

ಆಗ ಎದುರುಮನೆಯವರು, ಹಳೆಯ ಸಾಮಾನುಗಳನ್ನು ಆನ್‌ಲೈನಿನಲ್ಲಿ ಹರಾಜು ಹಾಕುವ ಒಂದು ಆ್ಯಪ್ ಇದೆ, ಅದರಲ್ಲಿ ನೋಡಿ ಎಂದರು. ನೋಡಿದೆ. ಹಳೇ ಗಡಿಯಾರ, ತಾಮ್ರದ ಹಂಡೆ, ಒಡೆದ ವೀಣೆ ಎಲ್ಲ ದಾಟಿ ಹೋದಾಗ ಸಿಕ್ಕಿತು ಒಂದು ಜೋಡಿ. ಅಯ್ಯೋ, ನನ್ನ ತಾಯಿಯ ಗೊಂಬೆಗಳೇ ಎದ್ದು ಬಂದ ಹಾಗಿತ್ತು! ಅದೇ ಎತ್ತರ, ಅದೇ ಉದ್ದ ಕಣ್ಣು. ಮಾರುವವರ ಹೆಸರು ಮಂಜುನಾಥ್ ಎಂದಿತ್ತು. ಪಕ್ಕದಲ್ಲಿ ಬಾಯ್ತುಂಬ ನಗುತ್ತಿರುವ ಒಬ್ಬ ಯುವಕನ ಪುಟ್ಟ ಫೋಟೊ.

ಹರಾಜು ಮುಗಿಯುವ ಸಂಜೆ ನಾನು ಒಲೆಯ ಮೇಲಿನ ಹುಳಿಯನ್ನೂ ಮರೆತು ಫೋನ್ ಹಿಡಿದು ಕೂತಿದ್ದೆ. ಯಾರೋ ಇನ್ನೊಬ್ಬರು ನನಗಿಂತ ಮೇಲೆ ಕೂಗುವುದು, ನಾನು ಅವರಿಗಿಂತ ಮೇಲೆ ಕೂಗುವುದು. ನಮ್ಮ ಯಜಮಾನರು ಪೇಪರ್ ಕೆಳಗಿಟ್ಟು, "ಏನೇ ಇದು, ಯುದ್ಧಕ್ಕೆ ಹೊರಟೋಳ ಥರ ಕೂತಿದೀಯ. ಹುಳಿ ಸೀದು ಹೋಗ್ತಿದೆ" ಎಂದರು. "ಹೋಗ್ಲಿ ಬಿಡ್ರೀ!" ಎಂದೆ. ಕೊನೆಗೆ 'ಅಭಿನಂದನೆ, ಈ ವಸ್ತು ನಿಮ್ಮದು' ಎಂದು ಬಂದಾಗ ನಾನು ಕೂಗಿದ ಕೂಗಿಗೆ ಮೇಘನಾ ಸ್ನಾನದ ಮನೆಯಿಂದ ಓಡಿಬಂದಳು. ಗೊಂಬೆಯ ಫೋಟೊ ನೋಡಿ ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವತ್ತು ನಾವು ಸೀದ ಹುಳಿಯನ್ನೇ ಖುಷಿಯಾಗಿ ಉಂಡೆವು.

ಮಾರುವವರ ಮನೆಗೆ ಹೋಗಿ, ಹಣ ಕೊಟ್ಟು, ಗೊಂಬೆ ತರಬೇಕೆಂದು ಮಾತಾಗಿತ್ತು. ವಿಳಾಸವೂ ಬಂದಿತ್ತು, ಮಾಗಡಿ ರಸ್ತೆಯ ಆಚೆ ಶ್ರೀಗಂಧದ ಕಾವಲ್. 'ಶನಿವಾರ ಬರ್ತೀವಿ' ಎಂದು ಮೆಸೇಜ್ ಹಾಕಿದೆ. ಬಂದ ಉತ್ತರ ನೋಡಿ ಕಣ್ಣುಜ್ಜಿಕೊಂಡೆ.

"ಗೊಂಬಿ ಇಲ್ರಿ. ಊರಿಗೆ ಹೋಗ್ಯಾವ."

"ಗೊಂಬೆ ಊರಿಗೆ ಹೋಗೋದು ಅಂದ್ರೆ ಏನ್ರೀ? ಅವೇ ಬಸ್ಸು ಹತ್ತಿ ಹೋದ್ವಾ?" ಎಂದು ಬರೆದೆ.

ಮರುದಿನ ಬೆಳಿಗ್ಗೆ ಇನ್ನೊಂದು ಉತ್ತರ. "ಒಡದಾವ್ರಿ."

"ಮರದ ಗೊಂಬೆ ಹೇಗ್ರೀ ಒಡೆಯುತ್ತೆ?"

ತುಂಬಾ ಹೊತ್ತಾದ ಮೇಲೆ, "ಇಲಿ ಕಡದಾವ್ರಿ" ಎಂದು ಬಂತು. ಅದರ ಬೆನ್ನಿಗೇ ಮತ್ತೊಂದು. "ನಿಮಗ ಬ್ಯಾರೆ ಚಲೋ ಗೊಂಬಿ ಸಿಗತಾವ. ದೇವರು ಒಳ್ಳೇದು ಮಾಡ್ಲಿ."

ಮೈ ಉರಿದುಹೋಯಿತು. ಮೋಸವನ್ನೂ ಮಾಡಿ ಆಶೀರ್ವಾದ ಬೇರೆ! ನಾನು ಬಿನ್ನಿಪೇಟೆಯ ಮಿಲ್ಲಿನ ಮನೆಗಳಲ್ಲಿ ಹುಟ್ಟಿ ಬೆಳೆದವಳು. ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ನಮ್ಮಪ್ಪನ ಗಂಟಲು ದೊಡ್ಡದಾಗಿತ್ತು, ಆ ಗಂಟಲು, ಆ ಸಿಟ್ಟು ಎರಡೂ ನನಗೆ ಬಂದಿವೆ. ಯಾರೋ ಹೆಚ್ಚು ಹಣದ ಆಸೆ ತೋರಿಸಿರಬೇಕು, ಅದಕ್ಕೇ ಈ ನಾಟಕ ಎಂದು ತೀರ್ಮಾನಿಸಿದೆ. ಬಾಯಿಗೆ ಬಂದದ್ದನ್ನು ಬೆರಳಿಗೆ ತಂದೆ.

"ಮಂಜುನಾಥ್ ಅವರೇ, ಮಾರೋ ಮನಸ್ಸಿಲ್ಲದಿದ್ರೆ ಹರಾಜಿಗೆ ಯಾಕೆ ಹಾಕಿದ್ರಿ? ಕೊಟ್ಟ ಮಾತು ಉಳಿಸ್ಕೊಳ್ಳೋದನ್ನ ನಿಮ್ಮ ಅಪ್ಪ ಅಮ್ಮ ಕಲಿಸಿಲ್ವಾ?"

ಓದಿದ್ದಾರೆ ಎಂಬ ಗುರುತು ಬಂತು. ಉತ್ತರ ಬರಲಿಲ್ಲ.

ಶನಿವಾರ ನಾನು ಬಿಡಲಿಲ್ಲ. "ಬಿಡೇ, ಅವರ ವಸ್ತು, ಅವರಿಷ್ಟ" ಎನ್ನುತ್ತಿದ್ದ ಯಜಮಾನರನ್ನು ಸ್ಕೂಟರ್ ತೆಗೆಸಿ ಹೊರಡಿಸಿದೆ. ದಾರಿಯುದ್ದಕ್ಕೂ ಏನೇನು ಬೈಯಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಒಂದು ಸಣ್ಣ ಮನೆಯ ಮೊದಲ ಮಹಡಿ. ಬಾಗಿಲು ತೆರೆದವರು ಬಿಳಿ ಪಂಚೆ, ಅಂಗಿ ತೊಟ್ಟ ವಯಸ್ಸಾದವರು. ನನ್ನ ಮುಖ ನೋಡಿದ್ದೇ, "ನೀವು... ಗೊಂಬಿಯವ್ರೇನ್ರಿ?" ಎಂದರು.

"ಹೌದು. ಎಲ್ಲಿ ಆ ಮಂಜುನಾಥ? ಕರೀರಿ ಹೊರಗೆ!"

ಅವರು ಮೆಲ್ಲಗೆ ಪಕ್ಕಕ್ಕೆ ಸರಿದರು. ಎದುರು ಗೋಡೆಯ ಮೇಲೆ ದೊಡ್ಡ ಫೋಟೊ. ಆ್ಯಪಿನಲ್ಲಿ ನೋಡಿದ್ದ ಅದೇ ಬಾಯ್ತುಂಬ ನಗು. ಅದಕ್ಕೊಂದು ಗಂಧದ ಹಾರ.

ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ಒಳಗಿನಿಂದ ಅವರ ಹೆಂಡತಿ ಗಂಗವ್ವ ಒಂದು ಚೊಂಬು ನೀರು, ತಟ್ಟೆಯಲ್ಲಿ ಬೆಲ್ಲದ ಚೂರು ಹಿಡಿದು ಬಂದರು. "ಬಿಸಲಾಗ ಬಂದೀರಿ. ಮೊದಲ ನೀರು ಕುಡೀರಿ, ಆಮ್ಯಾಲ ಬಯ್ಯೀರಂತ" ಎಂದರು. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಹಿರಿಯರ ಹೆಸರು ಈರಪ್ಪ. ಧಾರವಾಡದ ಕಡೆಯ ಹಳ್ಳಿಯವರು. ಮಗ ಇಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಮಂಡ್ಯದ ಹುಡುಗಿ ಕಾವ್ಯಳನ್ನು ಮೆಚ್ಚಿ ಮದುವೆಯಾಗಿದ್ದ. ಹಿಂದಿನ ವರ್ಷ ಜ್ವರವೆಂದು ಆಸ್ಪತ್ರೆಗೆ ಹೋದವನು ಮನೆಗೆ ಬರಲಿಲ್ಲ. "ಸೊಸಿ ಒಬ್ಬಾಕಿನ್ನ ಬಿಟ್ಟು ಊರಾಗ ಹ್ಯಾಂಗ ಇರೂದ್ರಿ? ಆಕಿ ಕೆಲಸ ಬಿಟ್ಟು ಬರಾಂಗಿಲ್ಲ ಅಂದ್ಲು. ನಾವ ಬಂದ್ವಿ" ಎಂದರು ಈರಪ್ಪ. ಕಾವ್ಯ ಮೆಡಿಕಲ್ ಸ್ಟೋರೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗೊಂಬೆ ಹರಾಜಿಗೆ ಹಾಕಿದ್ದು ಅವಳೇ, ಗಂಡನ ಹಳೆಯ ಫೋನಿನಿಂದ. ಆ ಫೋನನ್ನು ಇವರು ದಿನಾ ಚಾರ್ಜು ಮಾಡಿ ದೇವರ ಗೂಡಿನ ಹತ್ತಿರ ಇಟ್ಟಿರುತ್ತಾರೆ. ಅದಕ್ಕೆ ನನ್ನ ಮೆಸೇಜು ಬಂದಾಗಲೇ ಇವರಿಗೆ ವಿಷಯ ತಿಳಿದದ್ದು.

"ಕೊಡೂದು ಬ್ಯಾಡ ಅಂತ ಈಕಿ ಹೇಳಿದ್ಲು, ನಾ ಬರದೆ. ಸುಳ್ಳು ಹೇಳಿ ರೂಢಿ ಇಲ್ರಿ. ಅದಕ್ಕ ಒಂದಕ್ಕೊಂದು ತಾಳ ಆಗಲಿಲ್ಲ" ಎಂದು ಅವರು ಹೆಂಡತಿಯ ಕಡೆ ನೋಡಿ, ಸಂಕೋಚದಿಂದ ಫೋನನ್ನು ಕೈಯಲ್ಲಿ ತಿರುಗಿಸಿದರು.

ಗಂಗವ್ವ ನನ್ನ ಪಕ್ಕ ನೆಲದ ಮೇಲೆ ಕೂತರು. "ನಮ್ಮ ಕಡೆ ಈ ಗೊಂಬಿ ಪದ್ಧತಿ ಇಲ್ರಿ. ಅವಕ್ಕ ಏನು ಮಾಡಬೇಕು ನನಗ ಗೊತ್ತಿಲ್ಲ. ಆದ್ರ ಹಳೇ ಬೆಡ್‌ಶೀಟಿನ್ಯಾಗ ಅವನ್ನ ಕಟ್ಟೂ ಮುಂದ ಕಾವ್ಯ ಅಳಾಕತ್ತಿದ್ಲು. ನಾ ಅಷ್ಟ ನೋಡೀನ್ರಿ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಕೆಲಸ ಮುಗಿಸಿ ಕಾವ್ಯ ಬಂದಳು. ತೆಳ್ಳಗಿನ ಹುಡುಗಿ, ನನ್ನ ಮೇಘನಾಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ನಮ್ಮನ್ನು ನೋಡಿ, "ಆಂಟಿ, ವಿಜಯನಗರದಿಂದ ಬಂದ್ರಾ? ಗೊಂಬೆ ಕಟ್ಟಿ ಇಟ್ಟಿದೀನಿ" ಎಂದು ನೇರವಾಗಿ ಒಳಗೆ ಹೋಗಿ ಗಂಟು ತಂದಳು. ಗೆದ್ದವರು ಯಾವ ಕಡೆಯವರು ಎಂದು ಆ್ಯಪಿನಲ್ಲಿ ನೋಡಿದ್ದಳಷ್ಟೇ, ಅವಳಿಗೆ ಈ ಮೆಸೇಜುಗಳ ವಿಷಯವೇ ಗೊತ್ತಿರಲಿಲ್ಲ. ಅತ್ತೆ ಮಾವನ ಮುಖ ನೋಡಿ ಅರ್ಥವಾಯಿತು. "ಅಯ್ಯೋ ಅತ್ತೆ, ಬೇಡ ಅಂತ ಹೇಳ್ಬಿಟ್ರಾ? ಪಾಪ, ಅವರು ಗೆದ್ದಿದಾರೆ. ಈಗ ಇಲ್ಲ ಅಂದ್ರೆ ತಪ್ಪಾಗುತ್ತೆ" ಎಂದು ಗಂಟನ್ನು ನನ್ನ ಮುಂದೆ ಬಿಚ್ಚಿದಳು.

ನಿಜ ಹೇಳುತ್ತೇನೆ, ಗೊಂಬೆ ನೋಡಿದಾಗ ನನ್ನ ಆಸೆ ಮತ್ತೆ ತಲೆಯೆತ್ತಿತು. ಎಷ್ಟು ದಸರಾಗಳ ಅರಿಶಿನ ಕುಂಕುಮ ಕಂಡಿದ್ದವೋ, ರಾಣಿಯ ಕೆನ್ನೆಯ ಬಣ್ಣ ಸವೆದು ಒಳಗಿನ ಮರ ನಯವಾಗಿ ಕಾಣುತ್ತಿತ್ತು. ಎತ್ತಿಕೊಂಡೆ. ಕೆಳಗಿಡಲು ಮನಸ್ಸು ಬರಲಿಲ್ಲ. ಹುಡುಗಿ ತಾನೇ ಕೊಡುತ್ತಿದ್ದಾಳೆ, ನಾನು ನ್ಯಾಯವಾಗಿ ಗೆದ್ದಿದ್ದೇನೆ, ಮನೆಯಲ್ಲಿ ಮಗಳು ಕಾಯುತ್ತಿದ್ದಾಳೆ. ಆದರೂ ಕೇಳಿದೆ, "ಯಾಕಮ್ಮಾ ಮಾರ್ತಿದೀಯ?"

"ನಮ್ಮ ದೊಡ್ಡಮ್ಮ ಹೇಳಿದ್ರು ಆಂಟಿ, ಇನ್ಮೇಲೆ ಇದು ನಿನ್ನ ಹತ್ರ ಇರಬಾರದು, ಯಾರಾದ್ರೂ ಮುತ್ತೈದೆ ಮನೆ ಸೇರ್ಲಿ ಅಂತ. ಅಮ್ಮ ಏನೂ ಮಾತಾಡ್ಲಿಲ್ಲ. ಸುಮ್ನೆ ಯಾರಿಗೋ ಕೊಟ್ರೆ ಮೂಲೆಗೆ ಎಸೀತಾರೆ. ಪೈಪೋಟಿ ಮಾಡಿ ತಗೊಂಡೋರಾದ್ರೆ ಜೋಪಾನವಾಗಿ ಇಟ್ಕೋತಾರೆ ಅಲ್ವಾ? ಅದಕ್ಕೇ ಹರಾಜಿಗೆ ಹಾಕ್ದೆ." ಅವಳು ಅಳಲಿಲ್ಲ. ರಾಜನ ಪೇಟದ ಮೇಲಿನ ಧೂಳನ್ನು ವೇಲಿನ ತುದಿಯಿಂದ ಒರೆಸುತ್ತಾ ಇದ್ದಳು.

ಗಂಗವ್ವನಿಗೆ ತಡೆಯಲಾಗಲಿಲ್ಲ. "ಗಂಡ ಹ್ವಾದ್ರ ತವರೂ ಹೋಗತೈತೇನವಾ? ಇವನ್ನ ನನ್ನ ಮಗ ತಂದಿದ್ದನೇನು, ಅವನ ಜೋಡಿ ಕಳಸಾಕ? ನಿಮ್ಮವ್ವ ಕೊಟ್ಟಾಳ. ನಿಮ್ಮವ್ವ ಇನ್ನ ಅದಾಳಲ್ಲ!"

ನನ್ನ ವಯಸ್ಸಿಗೆ ಎಷ್ಟೋ ಹಬ್ಬ ಮಾಡಿದ್ದೇನೆ, ಶಾಸ್ತ್ರ ಸಂಪ್ರದಾಯ ಎಂದು ನಾಲ್ಕು ಜನರಿಗೆ ಹೇಳಿಕೊಟ್ಟಿದ್ದೇನೆ. ಗೊಂಬೆಯನ್ನೇ ಕೂರಿಸಿ ಗೊತ್ತಿಲ್ಲದ ಆ ತಾಯಿ ಹೇಳಿದ ಮಾತು ನನಗೆ ಯಾವತ್ತೂ ಹೊಳೆದಿರಲಿಲ್ಲ. ತವರು ಕೊಟ್ಟದ್ದು ಮಗಳದು. ಅದಕ್ಕೂ ಅವಳ ಹಣೆಬರಹಕ್ಕೂ ಏನು ಸಂಬಂಧ?

ರಾಣಿಯನ್ನು ಕಾವ್ಯಳ ತೊಡೆಯ ಮೇಲಿಟ್ಟೆ. "ನೀನು ಹಿಂದೆ ಸರಿಯೋದು ಬೇಡಮ್ಮ. ನಾನೇ ಸರೀತೀನಿ. ತಗೊಳ್ಳೋರೇ ಮಾತು ತಪ್ಪಿದ್ರು ಅಂತ ಆ್ಯಪಲ್ಲಿ ಬರೆದು ಹಾಕು. ಈ ಗೊಂಬೆ ನನಗೆ ಬೇಡ" ಎಂದೆ. ಕಾವ್ಯ ಬೇಡ ಬೇಡ ಎನ್ನುತ್ತಲೇ ಆ ಗೊಂಬೆಯನ್ನು ಎದೆಗೆ ಅವುಚಿಕೊಂಡು ಅತ್ತುಬಿಟ್ಟಳು. ಗಂಗವ್ವ ಅವಳ ತಲೆ ಸವರುತ್ತ ಕೂತರು.

ಹೊರಡುವಾಗ ಈರಪ್ಪನವರಿಗೆ ಕೈ ಮುಗಿದೆ. "ಆ ಮಾತು ಬರೀಬಾರದಿತ್ತು ಯಜಮಾನ್ರೇ, ಅಪ್ಪ ಅಮ್ಮ ಕಲಿಸಿಲ್ವಾ ಅಂತ. ಗೊತ್ತಿಲ್ದೆ ಬರೆದುಬಿಟ್ಟೆ. ಕ್ಷಮಿಸಿ."

ಅವರು ಸ್ವಲ್ಪ ಹೊತ್ತು ಫೋನನ್ನೇ ನೋಡಿದರು. "ಇರಲಿ ಬಿಡ್ರಿ. ಅವ ಹ್ವಾದಮ್ಯಾಲ ಅವನ ಹೆಸರು ತಗೊಂಡು ಎಲ್ಲಾರೂ ಅತ್ತಾರ. ಯಾರೂ ಬಯ್ದಿದ್ದಿಲ್ಲ. ನೀವು ಬಯ್ದದ್ದು ಓದಿದಾಗ ಒಂದ ಕ್ಷಣ, ಮಗ ಇಲ್ಲೇ ಎಲ್ಲೋ ತಪ್ಪು ಮಾಡಿ ಅಡಗಿ ಕುಂತಾನ ಅನಿಸ್ತು."

ಆ ಮಾತು ಕೇಳಿ ನಾನು ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಅತ್ತಿಗುಪ್ಪೆ ದಾಟುವಾಗ ನಮ್ಮ ಯಜಮಾನರು ಸ್ಕೂಟರ್ ನಿಧಾನ ಮಾಡಿದರು. ಆಮೇಲೆ, "ಒಳ್ಳೇ ಕೆಲಸ ಮಾಡ್ದೆ ಕಣೇ" ಎಂದರು. ಅವರು ಹಾಗೆಲ್ಲ ಹೊಗಳುವವರಲ್ಲ.

ಮನೆಯಲ್ಲಿ ಮೇಘನಾ ಬಾಗಿಲಲ್ಲೇ ನಿಂತಿದ್ದಳು. ಬರಿಗೈ ನೋಡಿ ಅವಳ ಮುಖ ಸಣ್ಣದಾಯಿತು. ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡವಳು, "ಹೋಗ್ಲಿ ಬಾರಮ್ಮ, ನಾಳೆ ಇಬ್ರೂ ಹೋಗಿ ಹೊಸ ಗೊಂಬೆ ತರೋಣ. ಯಾವ ಗೊಂಬೆ ಆದ್ರೂ ಒಂದಿನ ಹೊಸದೇ ತಾನೇ? ನನ್ನ ಮನೇಲಿ ಹಳೇದಾಗ್ಲಿ" ಎಂದಳು. ನಾನು ಅವಳನ್ನು ಇನ್ನೂ ಮಗು ಎಂದುಕೊಂಡಿದ್ದೆ. ಮರುದಿನ ಹೋಗಿ ಅವಳೇ ಆರಿಸಿ ತಂದಳು. ಮದುವೆ ಚೆನ್ನಾಗಿ ನಡೆಯಿತು.

ದಸರಾ ಬಂತು. ಮೊದಲ ಹಬ್ಬಕ್ಕೆ ಮೇಘನಾ ತವರಿಗೆ ಬಂದಿದ್ದಳು. ಪಾಡ್ಯದ ದಿನ ಬೆಳಿಗ್ಗೆ ಆ್ಯಪಿನಲ್ಲಿ ಮಂಜುನಾಥನ ಹೆಸರಿನಿಂದ ಒಂದು ಮೆಸೇಜ್.

"ಅಕ್ಕಾರ, ಗೊಂಬಿ ಕೂಡ್ಸೂದು ಹ್ಯಾಂಗ್ರಿ? ಸೊಸಿ ಮುಟ್ಟಾಕ ಒಲ್ಲೆ ಅಂತಾಳ. ನಮಗ ತಿಳೀವಲ್ದು."

ಅಮ್ಮ ಮಗಳು ಇಬ್ಬರೂ ಆಟೋ ಹಿಡಿದು ಹೋದೆವು. ಹೋಗಿ ನೋಡಿದರೆ ನಗು ತಡೆಯಲಾಗಲಿಲ್ಲ. ಅವರ ಕಡೆ ನವರಾತ್ರಿಗೆ ಘಟ್ಟ ಹಾಕುತ್ತಾರಂತೆ, ಅಂದರೆ ಮಣ್ಣು ಹರಡಿ, ಕಾಳು ಬಿತ್ತಿ, ಪಕ್ಕದಲ್ಲಿ ದೀಪ ಇಡುವುದು. ಗಂಗವ್ವ ರಾಜ ರಾಣಿ ಇಬ್ಬರನ್ನೂ ತಂದು ಆ ಮಣ್ಣಿನ ನಡುವೆ ನಿಲ್ಲಿಸಿಬಿಟ್ಟಿದ್ದರು! "ಬೆಳಿ ಕಾಯಾಕ ನಿಲ್ಲಿಸೀನ್ರಿ" ಎಂದರು. ಮೇಘನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾವ್ಯ ಅಡುಗೆಮನೆಯ ಬಾಗಿಲಿಗೆ ಒರಗಿ ದೂರದಿಂದಲೇ ನೋಡುತ್ತಿದ್ದಳು.

ಘಟ್ಟವನ್ನು ಹಾಗೇ ಬಿಟ್ಟು, ಅದರ ಹಿಂದೆ ಒಂದು ಮಣೆ ಇಟ್ಟು, ಬಿಳಿ ಬಟ್ಟೆ ಹಾಸಿದೆ. ಗೊಂಬೆಗಳ ಕಾಲಿನ ಮಣ್ಣು ಒರೆಸಿ ಮಣೆಯ ಮೇಲಿಟ್ಟೆ. ರಾಣಿಯನ್ನು ಬೇಕೆಂದೇ ರಾಜನ ಬಲಗಡೆ ಇಟ್ಟೆ. ಓರೆಗಣ್ಣಿನಲ್ಲಿ ಬಾಗಿಲ ಕಡೆ ನೋಡಿದೆ. ಹುಡುಗಿ ಚಡಪಡಿಸುತ್ತಿದ್ದಳು. ಕೊನೆಗೆ ತಡೆಯಲಾರದೆ, "ಆಂಟಿ, ಆ ಕಡೆ ಅಲ್ಲ. ನಮ್ಮಮ್ಮ ಎಡಗಡೆ ಕೂರಿಸ್ತಿದ್ರು" ಎಂದಳು.

"ಹೌದಾ? ನಂಗೆ ವಯಸ್ಸಾಯ್ತು ಕಣಮ್ಮ, ಮರೆತೋಗುತ್ತೆ. ನೀನೇ ಸರಿ ಮಾಡು" ಎಂದೆ.

ಬಂದಳು. ಕೈ ಒರೆಸಿಕೊಂಡು ರಾಣಿಯನ್ನು ಎತ್ತಿ ಎಡಗಡೆ ಇಟ್ಟಳು. ಆಮೇಲೆ ಅವಳನ್ನು ಯಾರೂ ಕರೆಯಬೇಕಾಗಲಿಲ್ಲ. ಗೊಂಬೆಗೆ ಸೀರೆ ತುಂಡು ಉಡಿಸಿದಳು, ಹೂ ಮುಡಿಸಿದಳು, ಮೇಘನಾ ಕಟ್ಟಿದ ಪೇಟ ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದಳು. ಆರತಿ ಆಯಿತು.

ಗೊಂಬೆ ನೋಡಲು ಬಂದ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಡಬೇಕಲ್ಲ. ಗಂಗವ್ವ ತಾವೇ ಕೊಡಬಹುದಿತ್ತು. ಕೊಡಲಿಲ್ಲ. ತಟ್ಟೆಯನ್ನು ಕಾವ್ಯಳ ಕಡೆ ಹಿಡಿದು, "ನಿನ್ನ ಗೊಂಬಿ. ನಿನ್ನ ಕೈಯಿಂದ ಆಗಲಿ" ಎಂದರು. ಕಾವ್ಯ ಗಕ್ಕನೆ ಹಿಂದೆ ಸರಿದಳು. ಮೇಘನಾಳ ಕತ್ತಿನ ಹೊಸ ಅರಿಶಿನದ ದಾರವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

ಆಗ ನಾನು ತಕ್ಷಣ 'ಇಡಮ್ಮ' ಎನ್ನಬೇಕಿತ್ತು. ಅನ್ನಲಿಲ್ಲ. ಮದುವೆಯಾಗಿ ಇನ್ನೂ ದಾರದ ಅರಿಶಿನ ಮಾಸದ ಮಗಳು. ಅಷ್ಟೆಲ್ಲ ದೊಡ್ಡ ಮಾತಾಡಿ ಗೊಂಬೆ ಬಿಟ್ಟುಕೊಟ್ಟು ಬಂದ ನನ್ನ ಬಾಯಿ, ಆ ಗಳಿಗೆಯಲ್ಲಿ ಒಣಗಿಹೋಯಿತು.

ಮೇಘನಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ಮುಂಗುರುಳು ಸರಿಸಿ, ಕಾವ್ಯಳ ಮುಂದೆ ಹಣೆಯೊಡ್ಡಿ ನಿಂತಳು. "ಬೇಗ ಇಡಿ ಅಕ್ಕ. ಒಳಗಿಂದ ಹೋಳಿಗೆ ವಾಸ್ನೆ ಬರ್ತಿದೆ, ನಂಗೆ ಹಸಿವು ತಡೆಯೋಕಾಗ್ತಿಲ್ಲ."

ಕಾವ್ಯಳ ಬೆರಳು ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಕುಂಕುಮ ಮೇಘನಾಳ ಮೂಗಿನ ಮೇಲೇ ಉದುರಿತು. ಮೊದಲು ನಕ್ಕವರು ಈರಪ್ಪ. ಆಮೇಲೆ ಎಲ್ಲರೂ ನಕ್ಕೆವು, ಕಾವ್ಯ ಅಳುತ್ತಲೇ ನಕ್ಕಳು. "ನನಗೂ ಇಡಮ್ಮ" ಎಂದು ನಾನೂ ಬಗ್ಗಿದೆ. ಅವಳ ಬೆರಳು ಹಣೆಗೆ ತಾಗಿದಾಗ ನನಗೆ ಕಣ್ಣು ತೆರೆಯಲಾಗಲಿಲ್ಲ.

ಈಗಲೂ ದಸರಾದಲ್ಲಿ ನಾವು ಅಲ್ಲಿಗೆ ಹೋಗುತ್ತೇವೆ. ಹಳೆಯ ಗೊಂಬೆ ನನ್ನ ಮಗಳಿಗೆ ಸಿಗಲಿಲ್ಲ ಎಂಬ ಕೊರಗು ಯಾವತ್ತೋ ಹೋಯಿತು. ಆದರೆ ಆ ಕುಂಕುಮದ ತಟ್ಟೆಯ ಮುಂದೆ ನಾನು ಸುಮ್ಮನೆ ನಿಂತಿದ್ದು ನೆನಪಾದರೆ ನಾಚಿಕೆಯಾಗುತ್ತದೆ. ಅದರ ಹಿಂದೆಯೇ ನನ್ನನ್ನು ದಾಟಿ ಮುಂದೆ ಹೋದ ಮಗಳು ನೆನಪಾಗುತ್ತಾಳೆ. ಅವಳಿಗೆ ಇದನ್ನು ನಾನು ಕಲಿಸಿರಲಿಲ್ಲ, ಅವಳಿಂದ ನಾನು ಕಲಿತೆ.